ಎರಡು ಕಿವಿ, ಎರಡು ಷಡ್ಜ

ಅರಕಲಗೂಡಿನ ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಷಡ್ಜವೂ ಪಂಚಮವೂ ಕೂಡಲಿಲ್ಲ.

ನಾನು ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು. ಮೀಸೆ ಮೂಡುವ ಮೊದಲೇ ಕಂಪನಿ ಸೇರಿದವನು, ಈಗ ಅರವತ್ತರ ಹತ್ತಿರ ಬಂದಿದ್ದೇನೆ. ನನಗೆ ಪೆಟ್ಟಿಗೆ ಕಲಿಸಿದ ಗುರುಗಳ ಮನೆಯಲ್ಲಿ ಕತ್ತಲಿರುವಾಗಲೇ ಎದ್ದು, ತಣ್ಣೀರು ಹೊಯ್ದುಕೊಂಡು, ಪೆಟ್ಟಿಗೆಯ ಮುಂದೆ ಕೂತಿರಬೇಕಿತ್ತು. ತಡವಾದರೆ ಆ ದಿನ ಊಟವಿಲ್ಲ. ಆ ಶಿಸ್ತನ್ನು ನಾನು ಬಿಟ್ಟಿಲ್ಲ. ಏಳುವುದು, ಸ್ನಾನ, ಪೆಟ್ಟಿಗೆಗೆ ಒಂದು ಹೂವು, ಷಡ್ಜ ಪಂಚಮ ಹಿಡಿದು ನೋಡುವುದು, ಆಮೇಲೆ ಕಾಫಿ. ಊರು ಬದಲಾಗುತ್ತದೆ, ಈ ಕ್ರಮ ಬದಲಾಗುವುದಿಲ್ಲ.

ಅವತ್ತು ಕಾಲಿನಿಂದ ಗಾಳಿಯ ತಿದಿ ಒತ್ತುತ್ತಾ ಎರಡು ಮನೆಗಳನ್ನು ಹಿಡಿದೆ. ಪೆಟ್ಟಿಗೆಯ ಕರಿ ಬಿಳಿ ಪಟ್ಟಿಗಳಿಗೆ ನಾವು ಮನೆ ಅನ್ನುತ್ತೇವೆ. ಸರಿಯಾಗಿ ಕೂಡಿದ ಎರಡು ಸ್ವರ ಒಂದೇ ಉಸಿರಿನಂತೆ ಬರಬೇಕು. ಬರಲಿಲ್ಲ. ನಡುಗಿದವು. ತಿದಿ ತೂತಾಗಿದೆಯೇನೋ ಎಂದು ನೋಡಿದೆ. ಇಲ್ಲ. ಥಂಡಿಗೆ ಮರ ಉಬ್ಬಿದೆಯೇನೋ ಎಂದು ಒರೆಸಿದೆ. ಮತ್ತೆ ಹಿಡಿದೆ. ಮತ್ತೆ ನಡುಕ. ಜೊತೆಗೆ, ಎಲ್ಲೋ ದೂರದಲ್ಲಿ ಜೀರುಂಡೆ ಕೂಗಿದಂತೆ ಒಂದು ಸಣ್ಣ ಸದ್ದು. ಎದ್ದು ಹೊರಗೆ ಹೋಗಿ ನೋಡಿದೆ. ಬಿಸಿಲು ಬಿದ್ದಿತ್ತು. ಯಾವ ಜೀರುಂಡೆಯೂ ಇರಲಿಲ್ಲ.

ಅದಕ್ಕೆ ಹಿಂದೆ ಕೊಣನೂರಿನಲ್ಲಿ ನನಗೆ ಚಳಿಜ್ವರ ಬಂದಿತ್ತು. ಆ ಸೀಮೆಯಲ್ಲಿ ಅದು ಯಾರನ್ನು ಬಿಟ್ಟಿದೆ? ಅಲ್ಲಿನ ಆಸ್ಪತ್ರೆಯವರು ಕ್ವಿನೈನ್ ಮಿಕ್ಸ್ಚರ್ ಕೊಟ್ಟು, ಮೂರು ಹೊತ್ತೂ ತಪ್ಪದೆ ಕುಡಿದು ವಾರ ಬಿಟ್ಟು ಬಂದು ತೋರಿಸಿ ಅಂದಿದ್ದರು. ವಾರ ಕಳೆಯುವುದರೊಳಗೆ ಕಂಪನಿ ಅರಕಲಗೂಡಿಗೆ ಗಾಡಿ ಕಟ್ಟಿತು. ಜ್ವರವೂ ಬಿಟ್ಟಿತ್ತು. ತೋರಿಸುವುದು ತಪ್ಪಿತು, ಕುಡಿಯುವುದು ತಪ್ಪಲಿಲ್ಲ. ಸೀಸೆ ಖಾಲಿಯಾದಾಗ ಪೇಟೆಯ ಅಂಗಡಿಯಿಂದ ಕ್ವಿನೈನ್ ಮಾತ್ರೆ ತರಿಸಿಕೊಂಡೆ. ನುಂಗು ಅಂದವರು ನಿಲ್ಲಿಸು ಎಂದು ಹೇಳಿರಲಿಲ್ಲವಲ್ಲ. ಸ್ನಾನ, ಹೂವು, ಕಾಫಿಗಳ ಸಾಲಿಗೆ ಮಾತ್ರೆಯೂ ಸೇರಿಕೊಂಡಿತು. ನಾನು ಹಾಸಿಗೆ ಹಿಡಿದರೆ ನಾಟಕ ನಿಲ್ಲುತ್ತದೆ, ಅದಕ್ಕೇ ಈ ಎಚ್ಚರಿಕೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಪೆಟ್ಟಿಗೆಗೂ ಮಾತ್ರೆಗೂ ಸಂಬಂಧ ಇರಬಹುದೆಂದು ಯಾರಿಗೆ ಹೊಳೆಯುತ್ತದೆ? ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡೆ. ಹಲಗೆ ಬಿಚ್ಚಿದೆ.

ಒಳಗೆ ಹಿತ್ತಾಳೆಯ ರೀಡುಗಳ ಎರಡು ಸಾಲು ಇರುತ್ತವೆ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಸಾಕು. ಮೇಲಿನ ಸಾಲಿನ ಪಂಚಮ ಇಳಿದಂತೆ ಕೇಳಿತು, ಕೆರೆದು ಏರಿಸಿದೆ. ಆಗ ಗಾಂಧಾರ ಕೂಡಲಿಲ್ಲ, ಅದನ್ನೂ ಕೆರೆದೆ. ಮರುದಿನ ಕೂತರೆ ಬೇರೆ ಯಾವುದೋ ಮನೆ ತಪ್ಪಿತ್ತು. ಹೀಗೆ ದಿನಾ ಬೆಳಿಗ್ಗೆ ಬಿಚ್ಚುವುದು, ಕೆರೆಯುವುದು, ಮುಚ್ಚುವುದು. ನಡುಕ ಮಾತ್ರ ನಿಲ್ಲಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುತ್ತಿತ್ತು. ಅರಕಲಗೂಡಿನ ಕೋಟೆ ಬೀದಿಯ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ತಿರುಗಿದೆನೋ. ಜೀರುಂಡೆ ಜೊತೆಗೇ ಬರುತ್ತಿತ್ತು.

ಇಲ್ಲಿ ನಮ್ಮ ಕಂಪನಿಯ ಒಂದು ಪದ್ಧತಿಯನ್ನು ಹೇಳಬೇಕು. ಹಣಕಾಸಿಗೆ ಯಜಮಾನರು ದೊಡ್ಡವರು, ಶ್ರುತಿಗೆ ಮೇಷ್ಟ್ರು ದೊಡ್ಡವನು. ಪೆಟ್ಟಿಗೆ ಹೇಳಿದ್ದೇ ಷಡ್ಜ. ತಾಲೀಮಿನಲ್ಲಿ ಯಾರ ಸ್ವರವಾದರೂ ಪೆಟ್ಟಿಗೆಗೆ ಸೇರದಿದ್ದರೆ ತಪ್ಪು ಹಾಡಿದವನದು. ಅವನು ನಿಂತಲ್ಲೇ ನಿಂತು, ಸೇರುವ ತನಕ ಅದೊಂದೇ ಸ್ವರವನ್ನು ಹಿಡಿಯಬೇಕು. ಪೆಟ್ಟಿಗೆ ತಪ್ಪಿದೆ ಎಂದು ಬಾಯಿ ಬಿಟ್ಟವನು ನನ್ನ ಇಷ್ಟು ವರ್ಷದ ಅನುಭವದಲ್ಲಿ ಒಬ್ಬನೂ ಇಲ್ಲ. ನಾನೂ ನನ್ನ ಗುರುಗಳ ಎದುರು ಬಿಟ್ಟವನಲ್ಲ.

ಆದ್ದರಿಂದ ಯಾರೂ ಮಾತಾಡಲಿಲ್ಲ. ಎಲ್ಲರೂ ನನ್ನ ಕೆಟ್ಟ ಪೆಟ್ಟಿಗೆಗೆ ತಮ್ಮ ಗಂಟಲನ್ನು ಸೇರಿಸಲು ಹೆಣಗಿದರು. ಹೆಚ್ಚು ಹೆಣಗಿದವನು ಪುಟ್ಟಸ್ವಾಮಿ.

ಪುಟ್ಟಸ್ವಾಮಿ ಮಲ್ಲಿಪಟ್ಟಣದ ಕಡೆಯ ಒಕ್ಕಲು ಮನೆಯವನು. ನಮ್ಮಲ್ಲಿ ರಾಣಿಯ ಪಾತ್ರಗಳೆಲ್ಲ ಅವನವೇ. ಜನ ಟಿಕೆಟ್ ಕೊಳ್ಳುತ್ತಿದ್ದುದು ಅವನ ಹಾಡಿಗೆ. ಅವನ ಸ್ವರ ಎಷ್ಟು ಖಚಿತ ಅಂದರೆ ಕೆಟ್ಟ ಶ್ರುತಿಗೆ ಸೇರಲು ಅದಕ್ಕೆ ಬರುವುದೇ ಇಲ್ಲ. ಉಳಿದವರು ಹೇಗೋ ಜಾರಿಸಿಕೊಂಡು ಹೋದರು. ಇವನು ಒತ್ತಿ ಒತ್ತಿ ಹಾಡಿದ. ಗಂಟಲು ಕಟ್ಟಿತು. ಮೆಣಸಿನ ಕಷಾಯ ಕುಡಿದ, ಜ್ಯೇಷ್ಠಮಧು ಅಗಿದ, ಮೊಸರು ಬಿಟ್ಟ, ಮಾತು ಬಿಟ್ಟ. ನಾನು ಅವನನ್ನು ನಿಲ್ಲಿಸಿ ಸ್ವರ ಹಿಡಿಸಿದೆ, ಎಲ್ಲರ ಎದುರಿಗೇ. ಏನಯ್ಯಾ, ಮೊನ್ನೆ ಊರಿಗೆ ಹೋಗಿ ಬಂದವನು ಗಂಟಲನ್ನು ಅಲ್ಲೇ ಬಿಟ್ಟು ಬಂದೆಯಾ ಎಂದು ಕೇಳಿದ್ದೂ ಉಂಟು. ಅವನು ತಲೆ ತಗ್ಗಿಸಿದ.

ಹೊಳೆನರಸೀಪುರದ ಕ್ಯಾಂಪು ಶುರುವಾಗುವ ಹೊತ್ತಿಗೆ ಯಜಮಾನರು ನನ್ನನ್ನು ಕರೆದು ಕೂರಿಸಿಕೊಂಡರು. ಶಿವಲಿಂಗಪ್ಪನವರು ಚನ್ನರಾಯಪಟ್ಟಣದ ವ್ಯಾಪಾರದ ಮನೆತನದವರು. ನಾಟಕದ ಹುಚ್ಚಿಗೆ ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು ಬಂದವರು. ಹಾಸನಕ್ಕೆ ಟಾಕಿ ಸಿನಿಮಾ ಬಂದು ಅಲ್ಲಿ ನಮ್ಮ ಕ್ಯಾಂಪು ಆಗಲೇ ಸೊರಗಿತ್ತು. ಮುಂದೆ ಅವರ ಸ್ವಂತ ಊರಿನಲ್ಲಿ ಆಟ ಆಡಬೇಕು, ಅಲ್ಲಿ ತಲೆ ತಗ್ಗಿಸುವಂತಾಗಬಾರದು. ಪುಟ್ಟಸ್ವಾಮಿಯನ್ನು ಮನೆಗೆ ಕಳಿಸಿ ಹಾಸನದಿಂದ ಬೇರೊಬ್ಬರನ್ನು ತರುವುದಾಗಿ ಹೇಳಿ, ನನ್ನ ಅಭಿಪ್ರಾಯ ಕೇಳಿದರು. ಶ್ರುತಿಯ ವಿಷಯದಲ್ಲಿ ನನ್ನ ಮಾತೇ ಕೊನೆ. ಎರಡು ದಿನ ನೋಡೋಣ ಅಂದೆ.

ವಿಷಯ ಪುಟ್ಟಸ್ವಾಮಿಯ ಕಿವಿಗೂ ಬಿದ್ದಿತ್ತು. ಸಂಜೆ ನನ್ನ ಬಿಡಾರಕ್ಕೆ ಬಂದು ಬಾಗಿಲಲ್ಲೇ ನಿಂತ.

“ಗಂಟ್ಲು ಓಯ್ತು ಮೇಷ್ಟ್ರೇ. ನೀವೇ ಯಜಮಾನ್ರಿಗೆ ಏಳ್ಬುಡಿ. ಅವ್ರು ಓಗು ಅನ್ನಾಕೆ ಮುಂಚೆ ನಾನೇ ಓಯ್ತೀನಿ. ಉತ್ಕಂಡು ತಿಂತೀನಿ, ಬುಡಿ.”

ನಾನು ಏನೋ ಒಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ನನ್ನ ಹೆಂಡತಿ ನಂಜಮ್ಮ ನನ್ನ ಎದುರಿಗೆ ಬಂದು ನಿಂತಳು. ಅವಳಿಗೆ ಸಂಗೀತ ಬಾರದು. ನಾಟಕಕ್ಕೂ ಅವಳು ಬರುವುದು ಅಪರೂಪ.

“ಆವಾಗ್ಲಿಂದ ನಾಕು ದಪ ಕರುದ್ನಲ್ರೀ. ಇಂದ್ಗಡೆಯಿಂದ ಕರುದ್ರೆ ಗ್ವಾಡೆನಾದ್ರೂ ತಿರುಗ್ಬೋದು, ನೀವ್ ತಿರ್ಗಲ್ಲ.”

ಯೋಚನೆಯಲ್ಲಿದ್ದೆ ಅಂದೆ.

“ಯೋಚ್ನೆ ಕಿವಿ ಮುಚ್ತದಾ? ನಾಳೆ ಆಸ್ಪತ್ರೆಗೆ ಓಗಾನ.”

ನನಗೆ ಕೆಟ್ಟ ಸಿಟ್ಟು ಬಂತು. ಹಾರ್ಮೋನಿಯಂ ಮೇಷ್ಟ್ರಿಗೆ ಕಿವಿ ಮಂದ ಅನ್ನುವುದು ಅಡಿಗೆಯವನಿಗೆ ಕುಷ್ಠ ಅಂದ ಹಾಗೆ. ಆ ಮಾತು ಹೊರಗೆ ಬಿದ್ದರೆ ಅನ್ನ ಹೋಯಿತು. ಆದರೆ ಅವಳು ನನ್ನ ಸಿಟ್ಟನ್ನು ಇಪ್ಪತ್ತು ವರ್ಷದ ಹಿಂದೆಯೇ ಲೆಕ್ಕದಿಂದ ತೆಗೆದುಹಾಕಿದವಳು. ಬೆಳಿಗ್ಗೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

ಹೊಳೆನರಸೀಪುರದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೃದು ಮಾತಿನವರು. ನಾಲಿಗೆ ನೋಡಿದರು. ಹೊಟ್ಟೆ ಒತ್ತಿ ಸ್ಪ್ಲೀನ್, ಅಂದರೆ ಗುಲ್ಮ, ದಪ್ಪವಾಗಿಲ್ಲ ಅಂದರು. ಟೆಂಪರೇಚರ್ ನೋಡಿ ಫೀವರ್ ಇಲ್ಲ ಅಂದರು. ಕಿವಿಯಲ್ಲಿ ಏನಾದರೂ ಸದ್ದು ಬರುತ್ತದೆಯೇ ಎಂದು ಕೇಳಿದರು. ಜೀರುಂಡೆಯ ವಿಷಯವನ್ನು ನಾನು ನಂಜಮ್ಮನಿಗೂ ಹೇಳಿರಲಿಲ್ಲ. ಹೇಳಿದೆ. ಅವರು ಡ್ರಾಯರಿನಿಂದ ಉಕ್ಕಿನ ಒಂದು ಕವಲು ಕಡ್ಡಿ ತೆಗೆದರು. ಟ್ಯೂನಿಂಗ್ ಫೋರ್ಕ್. ನಮ್ಮ ಕಸುಬಿನಲ್ಲೂ ಅದು ಉಂಟು, ಶ್ರುತಿ ನೋಡುವುದಕ್ಕೆ. ಅದನ್ನು ಮೊಣಕೈಗೆ ತಟ್ಟಿ ನನ್ನ ಬಲಗಿವಿಯ ಹತ್ತಿರ ಹಿಡಿದರು. ಕೇಳಿತು. ಮತ್ತೆ ತಟ್ಟಿ ಎಡಗಿವಿಗೆ ಹಿಡಿದರು. ಕೇಳಿತು.

“ಇನ್ನೊಂದನ್ನು ತಟ್ಟಿದಿರಲ್ಲ, ಅದು ಯಾವುದು?” ಎಂದು ಕೇಳಿದೆ.

ಡಾಕ್ಟರು ನನ್ನ ಮುಖ ನೋಡಿದರು. “ಇನ್ನೊಂದು ಇಲ್ಲ ಮೇಷ್ಟ್ರೇ. ನನ್ನ ಹತ್ತಿರ ಇರೋದು ಇದೊಂದೇ.”

ಒಂದೇ ಕಡ್ಡಿ. ಎರಡು ಕಿವಿಗೆ ಎರಡು ಷಡ್ಜ.

ನಾನೇ ಕಡ್ಡಿ ಇಸಿದುಕೊಂಡು ತಟ್ಟಿದೆ. ಬಲ, ಎಡ, ಬಲ, ಎಡ. ಎಡಗಿವಿಯಲ್ಲಿ ಅರ್ಧ ಮನೆ ಏರಿಯೇ ಕೇಳುತ್ತಿತ್ತು. ಎರಡೂ ಕಿವಿ ತೆರೆದು ಕೂತರೆ ಒಂದಕ್ಕೊಂದು ಉಜ್ಜಿ ಆ ನಡುಕ. ಇಷ್ಟು ದಿನ ಹಿತ್ತಾಳೆಯಲ್ಲಿ ಹುಡುಕಿ ಕೆರೆದಿದ್ದೆ. ಅದು ನನ್ನ ತಲೆಯೊಳಗೆ ಇತ್ತು.

ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಜೇಬಿನಿಂದ ಮಾತ್ರೆಯ ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಎಂದಿನಿಂದ ಎಂದು ಕೇಳಿದ್ದಕ್ಕೆ ಕೊಣನೂರಿನಿಂದ ಅಂದೆ, ಒಂದು ಹೊತ್ತೂ ತಪ್ಪಿಸಿಲ್ಲ ಎಂದೂ ಸೇರಿಸಿದೆ. ಅವರು ಸೀಸೆಯನ್ನು ಎತ್ತಿ ತಮ್ಮ ಕಡೆಗೆ ಇಟ್ಟುಕೊಂಡರು. ಇಷ್ಟು ಕ್ವಿನೈನ್ ಕಿವಿಯ ನರವನ್ನು ಕೆಡಿಸುತ್ತದೆ, ಕೆಲವರಿಗೆ ಕಣ್ಣನ್ನೂ ಕೆಡಿಸುತ್ತದೆ ಅಂದರು.

“ಜ್ವರ ಎಂದೋ ಹೋಗಿದೆ. ಹೋದ ಜ್ವರಕ್ಕೆ ಡೋಸ್ ಕೊಡ್ತಾ ಇದೀರಿ. ಇವತ್ತಿಂದ ಒಂದು ಮಾತ್ರೇನೂ ಮುಟ್ಟಬೇಡಿ.”

ಕಿವಿ ಬರುತ್ತದೆಯೇ ಎಂದು ಕೇಳಿದವಳು ನಂಜಮ್ಮ. ನನಗೆ ಕೇಳಲು ಧೈರ್ಯ ಬರಲಿಲ್ಲ. ಬಹಳ ಜನಕ್ಕೆ ಬರುತ್ತದೆ, ಪೂರ್ತಿ ಬರುತ್ತದೆ ಎಂದು ನಾನು ಹೇಳಲಾರೆ, ಕಾಯಬೇಕು ಅಂದರು. ಜ್ವರ ಮರಳಿ ಬಂದರೆ ಕೂಡಲೇ ಬರಬೇಕು, ಅಂಗಡಿಗೆ ಹೋಗಕೂಡದು ಅಂದರು.

ಹೊರಗೆ ಬಂದ ಮೇಲೆ ನನಗೆ ಕಿವಿಯ ಯೋಚನೆ ಬರಲಿಲ್ಲ ಅಂದರೆ ಯಾರೂ ನಂಬಲಾರರು. ಆದರೆ ಮೊದಲು ಬಂದದ್ದು ಪುಟ್ಟಸ್ವಾಮಿಯ ಗಂಟಲಿನ ಯೋಚನೆ. ತಪ್ಪು ಅದರದ್ದಾಗಿರಲಿಲ್ಲ. ನಂಜಮ್ಮನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದೆ. ಅವನು ಆಗಲೇ ಹೊರಟುಬಿಟ್ಟಿದ್ದರೆ?

ಹೊರಟಿರಲಿಲ್ಲ. ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಯಜಮಾನರೂ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಿವಿ, ಕಡ್ಡಿ, ಮಾತ್ರೆ, ಕೆರೆದ ರೀಡುಗಳು. ಹೇಳಿ ಮುಗಿಸಿದಾಗ ಪುಟ್ಟಸ್ವಾಮಿ ಹಗ್ಗವನ್ನು ಬಿಟ್ಟಿರಲಿಲ್ಲ.

“ಇಲ್ಲ ಮೇಷ್ಟ್ರೇ,” ಅಂದ. “ನನ್ ಮರ್ವಾದೆ ಉಳ್ಸಾಕೆ ಇಂಗಂತೀರಿ. ಪೆಟ್ಗೆ ತಪ್ತದಾ?”

ಅವನಿಗೆ ನನ್ನ ಮಾತಿಗಿಂತ ನಾನು ಕಲಿಸಿದ ಪದ್ಧತಿಯ ಮೇಲೆ ಹೆಚ್ಚು ನಂಬಿಕೆ. ಪೆಟ್ಟಿಗೆ ಇಲ್ಲದೆ ಹಾಡು ಅಂದೆ. ಶ್ರುತಿ ಇಲ್ಲದೆ ಹೇಗೆ ಅಂದ. ನಿನ್ನದೇ ಶ್ರುತಿಗೆ ಹಾಡು, ಯಾವುದಾದರೂ ಸರಿ ಅಂದೆ. ಅಂಜುತ್ತಾ ಮೆಲ್ಲಗೆ ಎತ್ತಿಕೊಂಡ. ಆಮೇಲೆ ಬಿಟ್ಟು ಹಾಡಿದ. ಚೆನ್ನಾಗಿತ್ತೇ? ನನಗೆ ಗೊತ್ತಾಗಲಿಲ್ಲ. ನನಗೆ ಕೇಳಿದ್ದು ಇಬ್ಬರು ಪುಟ್ಟಸ್ವಾಮಿಯರು ಒಬ್ಬರ ಮೇಲೊಬ್ಬರು ಬಿದ್ದು ಹಾಡಿದಂತೆ. ಎಷ್ಟೋ ಜನರ ಹಾಡನ್ನು ತೂಗಿದವನು ನಾನು, ಆಗ ಯಜಮಾನರ ಮುಖವನ್ನು ನೋಡಿ ತಿಳಿದುಕೊಳ್ಳಬೇಕಾಯಿತು. ಅವರು ಕಣ್ಣು ಮುಚ್ಚಿದ್ದರು. ಹಾಡು ನಿಂತ ಮೇಲೂ ತೆರೆಯಲಿಲ್ಲ.

“ಅಲ್ಲಾ ಮೇಷ್ಟ್ರೇ,” ಅಂದರು ಕೊನೆಗೆ. “ನಿಮ್ ಒಬ್ರ ಕಿವಿ ಕೆಟ್ರೆ ಒಂದ್ ಕಂಪ್ನಿ ಬಾಯೆಲ್ಲಾ ಕೆಟ್ಟೋಯ್ತಲ್ಲ. ಇಷ್ಟ್ ಜನ ಇದೀವಿ, ಒಬ್ನಾದ್ರೂ ಏಳ್ಬಾರ್ದಿತ್ತಾ?” ಆಮೇಲೆ ತಾವೇ ನಕ್ಕು, “ನಂಗೂ ಅನುಮಾನ ಇತ್ತು ಕಣ್ರಪ್ಪಾ. ನಂಗೇನ್ ಗೊತ್ತಾಯ್ತದೆ ಅಂತ ಸುಮ್ಕಾದೆ,” ಅಂದರು.

ಪುಟ್ಟಸ್ವಾಮಿ ಹಗ್ಗ ಬಿಚ್ಚಿದ. ನನ್ನ ಜಾಗಕ್ಕೆ ಹಾಸನದಿಂದ ಒಬ್ಬರು ತಮ್ಮ ಕೈಪೆಟ್ಟಿಗೆ ತಂದು ನುಡಿಸಿದರು. ನಾನು ಬಿಡಾರದಲ್ಲಿ ಉಳಿದೆ.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಕೆಲಸವಿಲ್ಲದೆ ಕೂತು ನನಗೆ ಅಭ್ಯಾಸವಿಲ್ಲ. ಕತ್ತಲಲ್ಲೇ ಎಚ್ಚರವಾಗುತ್ತಿತ್ತು. ಎದ್ದು ಸ್ನಾನ ಮಾಡಿ ಪೆಟ್ಟಿಗೆಗೆ ಹೂವಿಟ್ಟರೆ ಅಲ್ಲಿಗೆ ನನ್ನ ದಿನ ಮುಗಿಯಿತು. ಉಳಿದದ್ದೆಲ್ಲ ಕಿವಿಯನ್ನು ಪರೀಕ್ಷೆ ಮಾಡುವುದು. ಬಾವಿಯ ರಾಟೆ, ಬಸ್ಸಿನ ಹಾರ್ನು, ಕಂಚಿನ ಲೋಟ, ಸಿಕ್ಕಿದ್ದನ್ನೆಲ್ಲ ಒಂದು ಕಿವಿ ಮುಚ್ಚಿ ಇನ್ನೊಂದರಲ್ಲಿ ಕೇಳುವುದು. ಲೋಟವನ್ನು ತಟ್ಟಿ ತಟ್ಟಿ ನಂಜಮ್ಮನಿಂದ ಬೈಸಿಕೊಂಡೆ. ಲೋಟ ಸೊಟ್ಟಗಾದರೆ ಅದಕ್ಕೂ ಡಾಕ್ಟರನ್ನು ಕೇಳಬೇಕಾದೀತು ಅಂದಳು. ಹೊಳೆಯ ದಂಡೆಗೆ ಹೋಗಿ ಹೇಮಾವತಿಯ ಸದ್ದಿನಲ್ಲಿ ಕೂತರೆ ಜೀರುಂಡೆ ಮುಚ್ಚಿಹೋಗುತ್ತಿತ್ತು. ಅಷ್ಟೇ ನೆಮ್ಮದಿ. ಅಲ್ಲೂ ಬಹಳ ಹೊತ್ತು ಕೂರಲಾರೆ.

ಒಂದು ಮಧ್ಯಾಹ್ನ ಚಳಿ ಬಂತು.

ಹಲ್ಲು ಕಟಕಟ ಅಂದವು. ಇದ್ದ ಕಂಬಳಿಯನ್ನೆಲ್ಲ ನಂಜಮ್ಮ ಹೊದಿಸಿದಳು. ನನಗೆ ಜ್ವರಕ್ಕಿಂತ ಭಯವೇ ಜಾಸ್ತಿ. ಮತ್ತೆ ಕ್ವಿನೈನ್ ಅಂದರೆ ಕಿವಿ ಹೋಯಿತು, ಬೇಡ ಅಂದರೆ ಜೀವ. ಡಾಕ್ಟರು ಬಂದರು. ಬೆರಳಿನಿಂದ ರಕ್ತ ತೆಗೆದುಕೊಂಡು ಹೋದರು. ಮಾರನೆಯ ದಿನ ಜ್ವರ ತಾನಾಗಿ ಇಳಿಯಿತು. ರಕ್ತದಲ್ಲಿ ಮಲೇರಿಯಾ ಕಾಣಲಿಲ್ಲ, ಇದು ಬರೀ ಶೀತದ ಫೀವರ್, ಹೊಳೆಯ ದಂಡೆಯಲ್ಲಿ ಕೂರುವುದನ್ನು ಬಿಡಿ ಅಂದರು. ಆ ನೆಮ್ಮದಿಯೂ ತಪ್ಪಿತು. ಆದರೆ ಅವರು ಅದನ್ನು ಹೇಳುತ್ತಿದ್ದಾಗ, ಅವರ ಮಾತು ಎರಡೂ ಕಿವಿಗೆ ಒಂದೇ ಸ್ವರವಾಗಿ ಕೇಳಿತು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಹೋಗಿಬಿಡುತ್ತದೇನೋ ಅನ್ನಿಸಿತು.

ಕಿವಿ ಒಂದೇ ದಿನದಲ್ಲಿ ಬರಲಿಲ್ಲ. ಬಲಗಿವಿ ಮೊದಲು ಬಂತು. ಎಡಗಿವಿ ಒಂದು ದಿನ ಹತ್ತಿರ ಬರುವುದು, ಮರುದಿನ ದೂರ ಹೋಗುವುದು. ಕೆಳಗಿನ ಮಂದ್ರದಲ್ಲಿ ಕೂಡುವುದು, ಮೇಲಿನ ತಾರದಲ್ಲಿ ಬಿಡುವುದು. ಜೀರುಂಡೆ ಸಣ್ಣದಾಯಿತು. ಹೋಗಲಿಲ್ಲ.

ಚನ್ನರಾಯಪಟ್ಟಣದ ಆಟಕ್ಕೆ ನೀವೇ ಕೂರಬೇಕು ಎಂದು ಯಜಮಾನರು ಹೇಳಿ ಕಳಿಸಿದರು. ಹಾಸನದಿಂದ ಬಂದಿದ್ದವರು ಬೇರೆ ಕಡೆ ಮಾತು ಕೊಟ್ಟಾಗಿತ್ತು. ಆದರೆ ನನ್ನ ಪೆಟ್ಟಿಗೆ ಕೆರೆದ ಪೆಟ್ಟಿಗೆ. ಅದನ್ನು ಸರಿಮಾಡಲು ಕಿವಿ ಬೇಕು. ನನ್ನದನ್ನು ನಂಬುವಂತಿರಲಿಲ್ಲ. ಪುಟ್ಟಸ್ವಾಮಿಯನ್ನು ಕರೆದೆ.

ನಾನು ಕೆಳಗಿನ ಸಾಲಿನ ರೀಡುಗಳಿಗೆ ಕೈ ಹಾಕಿರಲಿಲ್ಲ. ಅವು ಸರಿಯಾಗಿದ್ದವು. ಮೇಲಿನ ಒಂದೊಂದನ್ನೂ ಕೆಳಗಿನದಕ್ಕೆ ಸೇರಿಸಬೇಕು. ಅವನು ಕೇಳಿ ಹೇಳಬೇಕು, ನಾನು ಕೆರೆಯಬೇಕು. ಕೂಡದ ಎರಡು ರೀಡುಗಳು ಒಟ್ಟಿಗೆ ನುಡಿದಾಗ ಹಲಗೆ ಅಲೆಅಲೆಯಾಗಿ ಅದುರುತ್ತದೆ. ಬೆರಳಿಟ್ಟರೆ ತಿಳಿಯುತ್ತದೆ. ಕೂಡುತ್ತಾ ಬಂದಂತೆ ಅಲೆ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ನನ್ನ ಬೆರಳು, ಅವನ ಕಿವಿ. ಸುಲಭದ ಕೆಲಸ. ಆದರೆ ಮೊದಲ ದಿನ ಅದು ನಡೆಯಲೇ ಇಲ್ಲ. ಯಾವ ಮನೆ ಒತ್ತಿ ಕೇಳಿದರೂ ಅವನದು ಒಂದೇ ಉತ್ತರ, ಸರ್ಯಾಗೇ ಅದೆ ಮೇಷ್ಟ್ರೇ.

ಅಲೆ ನನ್ನ ಬೆರಳಿಗೆ ತಾಗುತ್ತಿತ್ತು. ಕೈಯಲ್ಲಿದ್ದ ಸಣ್ಣ ಅರವನ್ನು ಕೆಳಗಿಟ್ಟೆ.

“ಸರ್ಯಾಗೇ ಅದೆ ಅಂತ ನೀನು ಅಂದರೆ ನಾನು ಮುಚ್ಚಿಬಿಡುತ್ತೇನೆ,” ಅಂದೆ. “ಚನ್ನರಾಯಪಟ್ಟಣದಲ್ಲಿ ಇದೇ ಪೆಟ್ಟಿಗೆಗೆ ನೀನು ಹಾಡಬೇಕು.”

ಅವನು ನೆಲ ನೋಡಿದ.

“ಒಸಿ ಏರ್ಕಂಡದೆ,” ಅಂದ, ಬೈಗುಳ ಹೇಳುವವನಂತೆ ಮೆಲ್ಲಗೆ.

ಬುಡ ಕೆರೆದೆ. ಇನ್ನೂ ಒಸಿ ಅಂದ. ಕೆರೆದೆ. ಅಲೆ ನಿಂತಿತು. ಅವನು ತಲೆ ಎತ್ತಿದ. ಆಮೇಲೆ ಅವನನ್ನು ಹಿಡಿಯುವವರಿಲ್ಲ. ಇಳ್ಸಿ, ಏರ್ಸಿ, ಜಾಸ್ತಿ ಆಯ್ತು, ಏನ್ ಮೇಷ್ಟ್ರೇ ಇಂಗ್ ಕೆರ್ದಿದೀರಿ, ಪಾತ್ರೆ ಉಜ್ಜಿದಂಗೆ ಎಂದೆಲ್ಲ ಅಂದ. ಒಂದು ರೀಡು ನಾನು ಕೆರೆದ ರಭಸಕ್ಕೆ ತೆಳ್ಳಗಾಗಿ ಸ್ವರವನ್ನೇ ಬಿಡಲಿಲ್ಲ. ಹಾಸನದಿಂದ ಹೊಸದು ತರಿಸಿ ಕೂರಿಸಿದೆವು.

ಈಗ ಚನ್ನರಾಯಪಟ್ಟಣದ ಕ್ಯಾಂಪಿನಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲ ಆಟದಲ್ಲಿ ನಾನು ಕೂತೆ. ಎಡಗಿವಿಗೆ ಹತ್ತಿ ಇಟ್ಟುಕೊಂಡು ಕೂತೆ. ಅದರ ಮಾತು ಇನ್ನೂ ನಂಬುವಂತಿಲ್ಲ. ಆಟ ನಡೆಯಿತು, ಜನ ಪುಟ್ಟಸ್ವಾಮಿಯ ಹಾಡನ್ನು ಮತ್ತೆ ಮತ್ತೆ ಹಾಡಿಸಿದರು, ಯಜಮಾನರ ತಮ್ಮಂದಿರು ಮುಂದಿನ ಸಾಲಿನಲ್ಲಿ ಕೂತು ಕೇಳಿದರು. ಅಷ್ಟು ಸಾಕು. ಎಡಗಿವಿ ಪೂರ್ತಿ ಬಾರದೇ ಇರಬಹುದು ಎಂದು ಡಾಕ್ಟರು ಕಾರ್ಡು ಬರೆದಿದ್ದಾರೆ. ಬಂದಷ್ಟಕ್ಕೆ ಅವರಿಗೂ, ಎಳೆದುಕೊಂಡು ಹೋದ ನಂಜಮ್ಮನಿಗೂ ಋಣಿ. ಒಂದೇ ಕಿವಿಯ ಮೇಲೆ ಎಷ್ಟು ದಿನ ನುಡಿಸಬಹುದೋ ತಿಳಿಯದು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಹೇಗಿದೆಯೋ ಎಂಬ ತಳಮಳ ಇನ್ನೂ ಹೋಗಿಲ್ಲ. ಹೋಗುವುದಿಲ್ಲವೇನೋ.

ನಿನ್ನೆ ತಾಲೀಮಿನಲ್ಲಿ ಎಲ್ಲರೂ ಇದ್ದರು. ಪುಟ್ಟಸ್ವಾಮಿ ಹಾಡು ಎತ್ತಿಕೊಂಡವನು ನಡುವೆ ನಿಲ್ಲಿಸಿದ. ಹಿಂದಿನಂತೆ ತಲೆ ತಗ್ಗಿಸಲಿಲ್ಲ.

“ಮೇಷ್ಟ್ರೇ, ಮ್ಯಾಲಿನ್ ಧೈವತ ಇಳ್ದದೆ.”

ಹೊಸಬನೊಬ್ಬ ನನ್ನ ಕೈಯನ್ನೇ ನೋಡುತ್ತಿದ್ದ. ಆ ಮನೆಯನ್ನು ಒತ್ತಿ ಹಿಡಿದು ಕೇಳಿದೆ. ಹತ್ತಿ ತೆಗೆದು ಮತ್ತೊಮ್ಮೆ ಕೇಳಿದೆ. ನನಗೆ ಅದು ಸರಿಯಾಗಿಯೇ ಇತ್ತು.

ಪೆಟ್ಟಿಗೆಯ ಹಲಗೆ ಬಿಚ್ಚಿದೆ.